ಹವಳದ ತೊಟ್ಟಿಯ ಚಪ್ಪಟೆಹುಳು ಮತ್ತು ಅದರ ನಿವಾರಣೆ

ಸಮುದ್ರದ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿ ಮನೆಯೊಳಗೆ ನೆಲೆಗೊಳಿಸಿಕೊಳ್ಳುವ ಹವ್ಯಾಸವು ಅಮೆರಿಕ, ಜರ್ಮನಿ, ಬ್ರಿಟನ್, ಜಪಾನ್ ಮೊದಲಾದ ದೇಶಗಳಲ್ಲಿ ಬಹುವಾಗಿ ಬೆಳೆದಿದೆ. ಹದವರಿತು ಬೆರೆಸಿದ ಉಪ್ಪುನೀರು, ಪ್ರಖರವಾದ ದೀಪ, ನೀರನ್ನು ಸದಾ ಚಲನೆಯಲ್ಲಿಡುವ ಯಂತ್ರ, ಕಲ್ಲಿನ ಮೇಲೆ ಬೆಳೆಯುವ ಜೀವಂತ ಹವಳ, ಅದರ ನಡುವೆ ಸುಳಿಯುವ ಮೀನು – ಇವಿಷ್ಟೂ ಸೇರಿದರೆ ಅದೊಂದು ಪುಟ್ಟ ಕಡಲೇ ಸರಿ. ಇಂತಹ ಕಡಲನ್ನು ಕಟ್ಟಲು ವರ್ಷಗಳು ಬೇಕು. ಕೆಡಲು ಒಂದು ದಿನ ಸಾಕು. ಹೊಸ ಹವಳದ ತುಂಡಿನೊಡನೆ ಅರಿಯದಂತೆ ಒಳಸೇರುವ ಚಪ್ಪಟೆಹುಳುವು ಆ ಕೇಡಿಗೆ ಒಂದು ಕಾರಣ. ಅದನ್ನು ನೀಗುವ ಅವಸರವು ಅದಕ್ಕಿಂತ ದೊಡ್ಡ ಕಾರಣ.

ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಕಂದುಗೆಂಪು ಬಣ್ಣದ, ಕೆಲವೇ ಮಿಲಿಮೀಟರು ಉದ್ದದ, ಬಾಲದಲ್ಲಿ ಮೂರು ಸೀಳುಗಳುಳ್ಳ ಹುಳು. ಇದರ ಶಾಸ್ತ್ರೀಯ ನಾಮ ಕನ್ವೊಲ್ಯೂಟ್ರಿಲೋಬ ರೆಟ್ರೊಜೆಮ್ಮ. ರೆಟ್ರೊಜೆಮ್ಮ ಎಂದರೆ ಹಿಮ್ಮುಖವಾದ ಮೊಗ್ಗು. ತಾಯಿಯ ದೇಹದ ಹಿಂಬದಿಯಲ್ಲಿ ಮರಿಯು ಮೊಗ್ಗಿನಂತೆ ಮೂಡಿ, ತಲೆಯನ್ನು ವಿರುದ್ಧ ದಿಕ್ಕಿಗೆ ಮಾಡಿಕೊಂಡು ಬೆಳೆದು ಕಳಚಿಕೊಳ್ಳುವುದರಿಂದ ಈ ಹೆಸರು ಅನ್ವರ್ಥವಾಗಿದೆ. ಹೀಗೆ ಗಂಡುಹೆಣ್ಣುಗಳ ಕೂಡುವಿಕೆಯಿಲ್ಲದೆಯೇ ಒಂದು ಹುಳುವಿನಿಂದ ಸಾವಿರವಾಗಬಲ್ಲದು. ಇದರ ಮೈಯೊಳಗೆ ಸೂಕ್ಷ್ಮವಾದ ಪಾಚಿಯು ವಾಸವಾಗಿರುತ್ತದೆ. ಆದಕಾರಣ ಬೆಳಕು ಬೀಳುವೆಡೆಗೆ ಬಂದು ಗುಂಪುಗೂಡುತ್ತದೆ. ಹವಳವನ್ನು ಇದು ತಿನ್ನದು. ಆದರೆ ಹವಳವೂ ತನ್ನೊಳಗಿನ ಪಾಚಿಯ ಬಲದಿಂದಲೇ ಬದುಕತಕ್ಕದ್ದು. ಹುಳುಗಳು ಕಂಬಳಿಯಂತೆ ಅದನ್ನು ಮುಚ್ಚಿದರೆ ಬೆಳಕು ತಪ್ಪಿ ಹವಳವು ಸೊರಗುತ್ತದೆ.

ಈ ಹುಳುವಿನ ಮೈಯಲ್ಲಿ ವಿಷವುಂಟು. ಬದುಕಿರುವಾಗ ಅದರಿಂದ ಅಷ್ಟಾಗಿ ಬಾಧೆಯಿಲ್ಲ; ಸಾವಿರಾರು ಹುಳುಗಳು ಒಮ್ಮೆಗೇ ಸತ್ತಾಗ ಆ ವಿಷವೆಲ್ಲ ನೀರಿಗೆ ಬಿಡುಗಡೆಯಾಗಿ ಮೀನುಗಳೂ ಹವಳವೂ ಪ್ರಾಣ ಕಳೆದುಕೊಳ್ಳಬಹುದು. ಆದುದರಿಂದ ಮೊದಲು ಸಂಖ್ಯೆಯನ್ನು ತಗ್ಗಿಸಬೇಕು, ಅನಂತರ ಔಷಧವನ್ನು ಹಾಕಬೇಕು ಎಂಬುದು ಇಲ್ಲಿಯ ಮುಖ್ಯ ಸೂತ್ರ.

ಸಂಖ್ಯೆಯನ್ನು ತಗ್ಗಿಸಲು ಸಣ್ಣ ರಬ್ಬರು ನಳಿಕೆಯೊಂದು ಸಾಕು. ದೀಪದಡಿ ಗುಂಪುಗೂಡಿದ ಹುಳುಗಳನ್ನು ನೀರಿನೊಡನೆ ಹೀರಿ ಹೊರಚೆಲ್ಲಿ, ಅಷ್ಟೇ ಹೊಸ ಉಪ್ಪುನೀರನ್ನು ತುಂಬಬೇಕು. ಈ ಕೆಲಸವನ್ನು ಹಲವು ದಿನ ಬಿಡದೆ ನಡೆಸಬೇಕು. ಆರುಗೆರೆಯ ರಾಸ್ ಎಂಬ ಮೀನು ಕೆಲವೊಮ್ಮೆ ಹುಳುವನ್ನು ಹೆಕ್ಕಿ ತಿನ್ನುವುದುಂಟು. ಆದರೆ ಅದನ್ನೇ ನಂಬಿ ಕೂರಲಾಗದು. ನೀಲಿಗೆರೆಗಳುಳ್ಳ, ಕಪ್ಪು ಮಕಮಲ್ಲಿನಂತಹ ಕೆಲಿಡೊನ್ಯುರ ವೇರಿಯನ್ಸ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವಿಗೆ ಇವೇ ಆಹಾರ. ಹುಳು ಮುಗಿದೊಡನೆ ಅದು ಉಪವಾಸದಿಂದ ಸಾಯುತ್ತದೆ. ಆದುದರಿಂದ ಮುಂದೆ ಅದನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ತರುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಧರ್ಮ.

ಉಳಿದ ಹುಳುಗಳಿಗೆ ಔಷಧ. ಜಾನುವಾರುಗಳ ಹೊಟ್ಟೆಹುಳುವಿಗೆ ಕೊಡುವ ಲೆವಮಿಸೋಲ್ ಎಂಬ ಮದ್ದನ್ನೂ, ಇದಕ್ಕೆಂದೇ ಸಿದ್ಧಪಡಿಸಿದ ದ್ರವಗಳನ್ನೂ ಹವ್ಯಾಸಿಗಳು ಬಳಸುತ್ತಾರೆ. ಸಿದ್ಧದ್ರವವನ್ನು ತಯಾರಕರು ಹೇಳಿದ ಪ್ರಮಾಣವನ್ನು ಮೀರದೆ ಹಾಕಬೇಕು. ಬದಲಿಸಲು ಬೇಕಾದ ಉಪ್ಪುನೀರನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಸಾಯುವ ಹುಳುಗಳನ್ನು ಕೂಡಲೇ ಹೀರಿ ತೆಗೆಯುತ್ತಿರಬೇಕು. ಬಳಿಕ ಸಕ್ರಿಯ ಇದ್ದಿಲಿನ ಮೂಲಕ ನೀರನ್ನು ಹರಿಸಿದರೆ ಅದು ವಿಷವನ್ನೂ ಮದ್ದನ್ನೂ ಹಿಡಿದುಕೊಳ್ಳುತ್ತದೆ. ಮೀನು ಏದುಸಿರು ಬಿಡತೊಡಗಿದರೆ ತಡಮಾಡದೆ ನೀರನ್ನು ಬದಲಿಸಬೇಕು.

ಇನ್ನೊಂದು ಹುಳು ಇದಕ್ಕಿಂತ ಕ್ರೂರವಾದುದು. ಅದು ಆಕ್ರೊಪೋರ ಎಂಬ ಕವಲುಹವಳದ ಮಾಂಸವನ್ನೇ ತಿನ್ನುತ್ತದೆ. ತೊಟ್ಟಿಗಳಲ್ಲಿ ದೊರೆತ ಮಾದರಿಗಳಿಂದ 2011ರಲ್ಲಿ ವಿಜ್ಞಾನಿಗಳು ಇದಕ್ಕೆ ಅಮಕುಸಪ್ಲಾನ ಆಕ್ರೊಪೋರೆ ಎಂದು ಹೆಸರಿಟ್ಟರು. ಹವಳದ ಬಣ್ಣದಲ್ಲಿಯೇ ಅಡಗಿರುವುದರಿಂದ ಹುಳು ಕಾಣದು. ಅದು ಕಚ್ಚಿದ ಬಿಳಿಚಿದ ದುಂಡುಗುರುತುಗಳು ಮಾತ್ರ ಕಾಣುತ್ತವೆ. ತೊಟ್ಟಿಗೆ ಹಾಕುವ ಮದ್ದು ಇಲ್ಲಿ ನಂಬಲರ್ಹವಲ್ಲ. ಹವಳವನ್ನು ಹೊರತೆಗೆದು ಔಷಧದ ನೀರಿನಲ್ಲಿ ಅದ್ದಿ, ನೀರನ್ನು ರಭಸದಿಂದ ಚಿಮ್ಮಿಸಿ ಹುಳುವನ್ನು ಉದುರಿಸಬೇಕು. ಮೊಟ್ಟೆಗಳಿಗೆ ಮದ್ದು ತಾಗದು. ಅವು ಅಂಟಿರುವ ಸತ್ತ ಬುಡವನ್ನು ಮುರಿದು ಎಸೆಯಬೇಕು. ಹವಳವನ್ನು ಬೇರೆ ತೊಟ್ಟಿಯಲ್ಲಿರಿಸಿ, ತಪ್ಪಿ ಉಳಿದ ಮೊಟ್ಟೆಗಳು ಒಡೆದು ಬರುವ ಮರಿಗಳಿಗಾಗಿ ಈ ಸ್ನಾನವನ್ನು ವಾರವಾರವೂ ಮಾಡಿಸಬೇಕು. ಅಷ್ಟು ವಾರಗಳ ಕಾಲ ಮೂಲ ತೊಟ್ಟಿಯಲ್ಲಿ ಆಕ್ರೊಪೋರ ಒಂದೂ ಇರದಿದ್ದರೆ ಅಲ್ಲಿಯ ಮರಿಗಳು ಆಹಾರವಿಲ್ಲದೆ ನಶಿಸುತ್ತವೆ.

ಇಷ್ಟೆಲ್ಲ ಶ್ರಮವನ್ನು ತಪ್ಪಿಸುವ ಉಪಾಯವೊಂದಿದೆ. ಹೊಸದಾಗಿ ಬಂದ ಹವಳವನ್ನು ನೇರವಾಗಿ ತೊಟ್ಟಿಗೆ ಇಳಿಸದೆ, ಔಷಧದ ಸ್ನಾನ ಮಾಡಿಸಿ, ಕೆಲವು ವಾರ ಪ್ರತ್ಯೇಕವಾಗಿರಿಸಿ ಪರೀಕ್ಷಿಸುವುದೇ ಅದು. ಭಾರತದಲ್ಲಿ ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮುರ್ಡೇಶ್ವರದ ಬಳಿಯ ನೇತ್ರಾಣಿಯ ಹವಳವೂ ಇದಕ್ಕೆ ಹೊರತಲ್ಲ. ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಹವಳವನ್ನು ಸಾಕಲಿ, ಕಡಲಿಗಿಳಿದು ನೋಡಲಿ, ಅದು ಮಂದಗತಿಯಲ್ಲಿ ಬೆಳೆಯುವ ಜೀವ ಎಂಬುದನ್ನು ಮರೆಯಬಾರದು. ಅದನ್ನು ಕಾಯುವವನಿಗೂ ಅಂಥದೇ ತಾಳ್ಮೆ ಬೇಕು.