ಹೆಂಚಿನ ನೆಲದ ಸಂಸ್ಕಾರ

ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಜಗಲಿಯನ್ನು ಹತ್ತಿ ಚಾವಡಿಗೆ ಕಾಲಿಟ್ಟೊಡನೆ ಅಂಗಾಲಿಗೆ ತಂಪನ್ನೂ ಕಣ್ಣಿಗೆ ಹಿತವನ್ನೂ ನೀಡುವ ಕೆಂಪು ಹೆಂಚಿನ ನೆಲವನ್ನು ಕಂಡವರು, ಅದರ ಸೊಬಗೆಲ್ಲ ಮಣ್ಣಿನದೇ ಎಂದು ಭಾವಿಸುವುದು ಸಹಜ. ಮಣ್ಣಿನ ಗುಣ ದೊಡ್ಡದೇ ಸರಿ. ಆದರೆ ಗೂಡಿನಿಂದ ಹೊರಬಂದ ಹೆಂಚು ತಲೆಮಾರುಗಳ ನಡೆದಾಟವನ್ನು ತಾಳುವ ನೆಲವಾಗಿ ಪರಿಣಮಿಸುವುದು, ಅದನ್ನು ಹಾಸಿದ ಅನಂತರ ನಡೆಯುವ ಮೂರು ಕೆಲಸಗಳಿಂದ: ಸಂದುಗಳನ್ನು ತುಂಬುವುದು, ರಂಧ್ರಗಳಿಗೆ ರಕ್ಷೆ ಕೊಡುವುದು, ಮೈಗೆ ಮೆರುಗನ್ನೇರಿಸುವುದು. ನೋಡುವವರ ಗಮನಕ್ಕೆ ಬಾರದ, ಕಟ್ಟಿಸುವವರ ಅವಸರಕ್ಕೆ ಮೊದಲು ಬಲಿಯಾಗುವ ಈ ಸಂಸ್ಕಾರವನ್ನು ಪರಿಚಯಿಸುವುದೇ ಇಲ್ಲಿನ ಉದ್ದೇಶ.

ಕರಾವಳಿಯಲ್ಲಿ ಈ ನೆಲದ ಕಥೆ ಹೆಂಚಿನ ಉದ್ಯಮದ ಕಥೆಯೊಡನೆ ಬೆರೆತಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣ, ನೇಯ್ಗೆಗಳೊಡನೆ ಹೆಂಚಿನ ಕೆಲಸವನ್ನೂ ಕೈಗೊಂಡರು. ಮುದ್ರಣಾಲಯದ ಕಾರ್ಯಕ್ಕಾಗಿ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲರು ಇಲ್ಲಿಯ ಜೇಡಿಮಣ್ಣಿನ ಯೋಗ್ಯತೆಯನ್ನರಿತು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. 1868ರಲ್ಲಿ ಅಲ್ಬುಕರ್ಕ್ ಕಾರ್ಖಾನೆಯೂ ಆರಂಭವಾಗಿ, ಮುಂದೆ ನೇತ್ರಾವತಿ, ಗುರುಪುರ ನದಿಗಳ ತೀರದಲ್ಲಿ ಹೊಗೆಗೊಳವೆಗಳ ಸಾಲೇ ಎದ್ದಿತು. ಮಾಡಿನ ಹೆಂಚಿನಿಂದ ಮಂಗಳೂರಿನ ಹೆಸರು ಕಡಲಾಚೆಗೂ ಹಬ್ಬಿತಷ್ಟೆ. ಅದೇ ಮಣ್ಣಿನಿಂದ, ಅದೇ ಗೂಡುಗಳಲ್ಲಿ ನೆಲಕ್ಕೆ ಹಾಸುವ ಚಚ್ಚೌಕದ ಹೆಂಚುಗಳೂ ಬೆಂದು ಬಂದುವು.

ಈ ಹೆಂಚಿನ ಸ್ವಭಾವವನ್ನು ಅರಿಯದೆ ಅದರ ಉಪಚಾರವನ್ನು ಅರಿಯಲಾಗದು. ಹಸಿಯ ಮಣ್ಣು ಒಣಗುವಾಗಲೂ ಬೇಯುವಾಗಲೂ ಒಟ್ಟಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಗೂಡಿನ ಒಳಗೆ ಶಾಖವು ಎಲ್ಲೆಡೆಯೂ ಸಮನಾಗಿರುವುದಿಲ್ಲವಾದ್ದರಿಂದ, ಒಂದೇ ಅಚ್ಚಿನಿಂದ ಬಂದ ಎರಡು ಹೆಂಚುಗಳು ಅಳತೆಯಲ್ಲಿಯಾಗಲಿ ಬಣ್ಣದಲ್ಲಿಯಾಗಲಿ ತದ್ರೂಪವಾಗಿರುವುದು ವಿರಳ. ಇದಲ್ಲದೆ, ಬೆಂದ ಮಣ್ಣಿನ ಮೈ ತುಂಬ ಸೂಕ್ಷ್ಮರಂಧ್ರಗಳಿರುತ್ತವೆ. ಕಾರ್ಖಾನೆಯ ಇಂದಿನ ವಿಟ್ರಿಫೈಡ್ ಟೈಲ್ಸು ತನ್ನ ತೂಕದ ನೂರಕ್ಕೆ ಅರೆಪಾಲು ನೀರನ್ನೂ ಹೀರದು. ಮೆರುಗು ಹಚ್ಚದ ಮಣ್ಣಿನ ಹೆಂಚಾದರೋ ನೂರಕ್ಕೆ ಹತ್ತರಷ್ಟನ್ನೋ ಅದಕ್ಕೂ ಮಿಗಿಲಾಗಿಯೋ ಹೀರಬಲ್ಲುದು. ಹೂಜಿಯ ನೀರನ್ನು ತಣಿಸುವ ಗುಣ ಯಾವುದೋ ಆ ಗುಣವೇ ಈ ನೆಲಕ್ಕೂ ಉಂಟು. ಅಂಗಾಲಿಗೆ ತಂಪನ್ನೀಯುವ ಈ ರಂಧ್ರಗಳೇ ಸಾರು, ಎಣ್ಣೆ, ಅರಿಶಿನಗಳ ಕಲೆಗೂ ಬಾಗಿಲು ತೆರೆಯುತ್ತವೆಯಾದ್ದರಿಂದ, ಉಸಿರಾಟವನ್ನು ಕೆಡಿಸದೆ ಬಾಗಿಲನ್ನು ಕಾಯುವುದು ಹೇಗೆಂಬುದೇ ಈ ಕುಶಲಕರ್ಮದ ಮೂಲಪ್ರಶ್ನೆ.

ಹೆಂಚನ್ನು ಹಾಸುವ ಮುನ್ನ ನೀರಿನಲ್ಲಿ ನೆನೆಹಾಕುವುದು ಮೊದಲ ನಿಯಮ. ಒಣಹೆಂಚು ಗಾರೆಯೊಳಗಿನ ನೀರನ್ನು ಹೀರಿಬಿಟ್ಟರೆ ಗಾರೆಗೆ ಬಿಗಿತ ಬಾರದೆ ಅದು ಪುಡಿಯಾಗುತ್ತದೆ. ಅಳತೆಯ ವ್ಯತ್ಯಾಸವನ್ನು ನುಂಗಿಕೊಳ್ಳುವಂತೆ ಹೆಂಚು ಹೆಂಚಿನ ನಡುವೆ ಅಗಲವಾದ ಸಂದನ್ನು ಬಿಡಬೇಕು: ಯಂತ್ರದಲ್ಲಿ ಒತ್ತಿದ ಹೆಂಚಿಗೆ ಆರರಿಂದ ಎಂಟು ಮಿಲಿಮೀಟರು, ಕೈಯಿಂದ ಮಾಡಿದುದಕ್ಕೆ ಹತ್ತು ಹನ್ನೆರಡು. ಹಾಸಿದ ನೆಲ ಒಣಗಿದ ಮೇಲೆ, ಸಂದು ತುಂಬುವ ಮೊದಲು, ಹೆಂಚಿನ ಮೇಲ್ಮೈಗೆ ಮಾತ್ರ ತೆಳುವಾದ ಒಂದು ರಕ್ಷಾಲೇಪವನ್ನು ಕೊಡುವುದುಂಟು. ಇದನ್ನು ಮರೆತರೆ ಸಿಮೆಂಟಿನ ಹಾಲು ರಂಧ್ರಗಳಿಗೆ ಇಳಿದು, ಎಷ್ಟು ತೊಳೆದರೂ ಹೋಗದ ಬೂದಿಬಣ್ಣದ ಮುಸುಕನ್ನು ಉಳಿಸುತ್ತದೆ. ಲೇಪವು ಹೆಂಚಿನ ಅಂಚಿಗೆ ತಾಗಬಾರದು. ತಾಗಿದಲ್ಲಿ ಸಂದಿನ ಗಾರೆ ಹಿಡಿಯದೆ ಬಿಟ್ಟುಕೊಳ್ಳುತ್ತದೆ.

ಸಂದಿನ ಗಾರೆಗೆ ಹಿಂದಿನವರು ಸುಣ್ಣವನ್ನೂ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನೂ ಕೂಡಿಸುತ್ತಿದ್ದರು. ಈಗ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಸಣ್ಣ ಮರಳನ್ನು ಬೆರೆಸಿ, ಬೇಕಿದ್ದರೆ ಕೆಂಪು ಆಕ್ಸೈಡನ್ನು ಸೇರಿಸುತ್ತಾರೆ. ನುರಿತ ಮೇಸ್ತ್ರಿಯ ಕೈ ಇಲ್ಲಿ ನೋಡುವಂತಿರುತ್ತದೆ. ಸಂದಿನ ಅಂಚುಗಳನ್ನು ಒದ್ದೆಮಾಡಿ, ಗಟ್ಟಿಯಾಗಿ ಕಲಸಿದ ಗಾರೆಯನ್ನು ಕರಣೆಯ ತುದಿಯಿಂದ ತಳಮುಟ್ಟ ಒತ್ತುತ್ತಾನೆ. ಬೆರಳೊತ್ತಿದರೆ ಅಚ್ಚು ಮೂಡಿದರೂ ಗಾರೆ ಬೆರಳಿಗೆ ಅಂಟದಷ್ಟು ಬಿಗಿದ ಮೇಲೆ, ದುಂಡು ತುದಿಯ ಕಬ್ಬಿಣದ ಕಡ್ಡಿಯನ್ನು ಸಂದಿನುದ್ದಕ್ಕೂ ಎಳೆದು ನಯವಾದ ಸಣ್ಣ ತಗ್ಗನ್ನು ಮೂಡಿಸುತ್ತಾನೆ. ಬಳಿಕ ಚೆನ್ನಾಗಿ ಹಿಂಡಿದ ಸ್ಪಂಜನ್ನು ಸಂದಿಗೆ ಓರೆಯಾಗಿ ಹಾಯಿಸುತ್ತಾನೆ, ಏಕೆಂದರೆ ಸಂದಿನ ನೇರಕ್ಕೆ ಹಾಯಿಸಿದ ಸ್ಪಂಜು ತುಂಬಿದ ಗಾರೆಯನ್ನೇ ಕಿತ್ತು ತರುತ್ತದೆ. ಉಳಿದ ಪುಡಿಯನ್ನು ಒಣ ಮರದ ಹೊಟ್ಟು ಉಜ್ಜಿ ತೆಗೆದರೆ ಸಾಕು. ಕೆಲವು ದಿನ ಸಂದುಗಳಿಗೆ ನೀರು ಚಿಮುಕಿಸುತ್ತ ಕಾಪಾಡಿದರೆ ಅವು ಕಲ್ಲಾಗುತ್ತವೆ.

ಇಲ್ಲಿಂದ ಮುಂದೆ ಬೇಕಾದುದು ತಾಳ್ಮೆ. ನೆಲದೊಳಗಿನ ನೀರು ಆವಿಯಾಗಿ ಮೇಲೇರುವಾಗ, ಮಣ್ಣಿನಲ್ಲಿಯೂ ಮರಳಿನಲ್ಲಿಯೂ ಅಡಗಿದ್ದ ಲವಣಗಳನ್ನು ಹೊತ್ತು ತಂದು ಹೆಂಚಿನ ಮೇಲೆ ಬಿಳಿಯ ಹುಡಿಯಾಗಿ ಬಿಡುತ್ತದೆ. ಅಳಿವೆಯ ಉಪ್ಪುಮರಳನ್ನು ಬಳಸಿದಲ್ಲಿ ಇದು ಇನ್ನೂ ಹೆಚ್ಚು. ಇದನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು. ನೀರು ಹೊಯ್ದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ನೆಲ ಒಣಗಿತೋ ಇಲ್ಲವೋ ಎಂದು ತಿಳಿಯಲು ಸರಳವಾದ ಪರೀಕ್ಷೆಯೊಂದುಂಟು: ಗೇಣಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಟ್ಟರೆ, ಬೆಳಗ್ಗೆ ಹಾಳೆಯ ಅಡಿಯಲ್ಲಿ ಬೆವರು ಕಂಡಲ್ಲಿ ಇನ್ನೂ ಕಾಯಬೇಕೆಂದು ಅರ್ಥ. ವರುಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಕರಾವಳಿಯಲ್ಲಿ ಈ ಕೆಲಸಕ್ಕೆ ಮಾಗಿಯಿಂದ ಬೇಸಗೆಯವರೆಗಿನ ಕಾಲವೇ ಪ್ರಶಸ್ತ.

ಒಣಗಿದ ನೆಲಕ್ಕೆ ಸಾಂಪ್ರದಾಯಿಕವಾದ ಉಪಚಾರವೆಂದರೆ ಕುದಿಸಿದ ಅಗಸೆ ಎಣ್ಣೆ. ಮೊದಲ ಕೈಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿದರೆ ಅದು ಆಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಅನಂತರ ಮೇಲೆ ನಿಂತುದನ್ನೆಲ್ಲ ಒರಸಿ, ಒಂದೆರಡು ದಿನ ಬಿಟ್ಟು ಎರಡನೆಯ ಕೈ, ಮೂರನೆಯ ಕೈ ಕೊಡಬೇಕು. ಹೆಂಚಿನ ಮಂಕಾದ ಕೆಂಪು ಒಂದೊಂದು ಕೈಗೂ ಗಾಢವಾಗುತ್ತ ಹೋಗುವುದನ್ನು ನೋಡುವುದೇ ಒಂದು ಸಂತೋಷ. ಒಂದು ಹನಿ ನೀರನ್ನಿಟ್ಟರೆ ಅದು ಹೀರಿಹೋಗದೆ ಮಣಿಯಂತೆ ನಿಂತಾಗ ಕೆಲಸ ಮುಗಿಯಿತೆನ್ನಬಹುದು. ಅಗಸೆ ಎಣ್ಣೆಯೇ ಏಕೆಂದರೆ, ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಗಟ್ಟಿಯಾಗತಕ್ಕದ್ದು. ತೆಂಗಿನ ಎಣ್ಣೆಗೆ ಈ ಶಕ್ತಿಯಿಲ್ಲವಾದುದರಿಂದ, ಮನೆಯಲ್ಲಿ ಧಾರಾಳವಾಗಿದೆಯೆಂದು ಅದನ್ನು ಬಳಿದರೆ ನೆಲ ಜಿಡ್ಡಾಗಿ ಧೂಳನ್ನು ಕೂಡಿಹಾಕುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖವನ್ನು ಹೊರಸೂಸುತ್ತದೆ. ಒರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳುವ ಅಪಾಯವುಂಟು. ಅವನ್ನು ಬಯಲಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಕೊನೆಗೆ, ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣವನ್ನು ತೆಳುವಾಗಿ ಹಚ್ಚಿ ಒರಟು ಬಟ್ಟೆಯಿಂದ ತಿಕ್ಕಿದರೆ ಮೃದುವಾದ ಹೊಳಪು ಬರುತ್ತದೆ.

ಈಗ ಅಂಗಡಿಗಳಲ್ಲಿ ದೊರೆಯುವ ಸೀಲರುಗಳಲ್ಲಿ ಎರಡು ಜಾತಿ. ಸಿಲೇನ್, ಸಿಲಾಕ್ಸೇನ್ ಎಂಬ ದ್ರವ್ಯಗಳಿಂದಾದವು ರಂಧ್ರದ ಗೋಡೆಗೆ ಅಂಟಿ ನೀರನ್ನು ದೂರವಿಡುತ್ತವೆ, ಆವಿಯನ್ನು ತಡೆಯುವುದಿಲ್ಲ. ಅಕ್ರಿಲಿಕ್ ಮೊದಲಾದವು ಮೇಲೆ ಪೊರೆಯಾಗಿ ಕೂರುತ್ತವೆ. ತಳಪಾಯದಿಂದ ತೇವವೇರುವ ಹಳೆಯ ಮನೆಗಳಲ್ಲಿ ಈ ಪೊರೆಯ ಅಡಿಯಲ್ಲಿ ಆವಿ ಸಿಕ್ಕಿಕೊಂಡು, ನೆಲ ಬೆಳ್ಳಗಾಗಿ ಸಿಪ್ಪೆಯೇಳುತ್ತದೆ. ಅಂಥಲ್ಲಿ ಮೊದಲನೆಯ ಜಾತಿಯೋ ಎಣ್ಣೆಯೋ ಕ್ಷೇಮ. ದಿನದ ಶುಚಿಗೆ ಸೌಮ್ಯವಾದ ಸಾಬೂನು ನೀರು ಸಾಕು. ಆಮ್ಲವು ಸಂದಿನ ಸುಣ್ಣವನ್ನೂ ಸಿಮೆಂಟನ್ನೂ ತಿನ್ನುತ್ತದೆಯಾದ್ದರಿಂದ ಆಸಿಡ್ಡಿನ ಬಾಟಲಿಯನ್ನು ಈ ನೆಲದ ಹತ್ತಿರಕ್ಕೂ ತರಲಾಗದು.

ಮಣ್ಣಿನ ಹೆಂಚಿಗೆ ಮನಸೋಲುವವರು ಇಂದು ಮತ್ತೆ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಹೆಂಚಿಗೆ ಹಣ ಕೊಟ್ಟು ಕಾಲವನ್ನು ಕೊಡದವರ ಮನೆಯಲ್ಲಿ ಆ ನೆಲ ಒಂದೆರಡು ವರುಷಗಳಲ್ಲಿಯೇ ಕಲೆಗಟ್ಟಿ, ದೂಷಣೆ ಮಣ್ಣಿನ ಪಾಲಿಗೆ ಬರುತ್ತದೆ. ಆದುದರಿಂದ ಮನೆ ಕಟ್ಟಿಸುವವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕರಾರಿನಲ್ಲಿ ಹೆಂಚಿನ ಬೆಲೆಯನ್ನೂ ಹಾಸುವ ಕೂಲಿಯನ್ನೂ ಬರೆಯುವಾಗ, ನೆಲ ಒಣಗುವ ವಾರಗಳನ್ನೂ ಎಣ್ಣೆಯ ಮೂರು ಕೈಗಳನ್ನೂ ಬೇರೆಯಾಗಿಯೇ ನಮೂದಿಸಿ, ಗೃಹಪ್ರವೇಶದ ಮುಹೂರ್ತವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿರಿ, ಆ ಕೆಲಸವನ್ನು ಬಲ್ಲ ಮೇಸ್ತ್ರಿಗೆ ಆ ದಿನಗಳ ಕೂಲಿಯನ್ನು ಪೂರ್ತಿಯಾಗಿ ಕೊಡಿರಿ. ವಿದ್ಯೆ ಬಲ್ಲವರ ಕೈಗೆ ಕೆಲಸ ಸಿಕ್ಕುತ್ತಿದ್ದರೆ ಮಾತ್ರ ಆ ವಿದ್ಯೆ ಮುಂದಿನವರ ಕೈಗೆ ಇಳಿದೀತು.