ಎಣ್ಣೆ ಚಿಮ್ಮಿದ ನಾಡಿನಲ್ಲಿ ಕರಗಿದ ಕಡಲೆಕಾಯಿ ಗೋಪುರ

ಉತ್ತರ ನೈಜೀರಿಯಾದ ಕಾನೊ ನಗರದಲ್ಲಿ ಐವತ್ತು, ಅರವತ್ತರ ದಶಕಗಳಲ್ಲಿ ಕಡಲೆಕಾಯಿ ಗೋಪುರಗಳಿದ್ದವು. ರೈತರಿಂದ ಕೊಂಡ ಮೂಟೆಗಳನ್ನು ರೈಲಿಗೆ ಏರಿಸುವವರೆಗೆ ಈಜಿಪ್ಟಿನ ಪಿರಮಿಡ್ಡಿನಂತೆ ಒಂದರ ಮೇಲೊಂದು ಒಟ್ಟುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅವು ಕರಗತೊಡಗಿದವು. ಬರ ಮತ್ತು ಬೆಳೆರೋಗ ಒಂದು ಕಾರಣ. ಆದರೆ ಬರ ಹೋದ ಮೇಲೂ ಗೋಪುರಗಳು ಮರಳಲಿಲ್ಲ. ಅದಕ್ಕೆ ಕಾರಣ, ದೂರದ ದಕ್ಷಿಣದಲ್ಲಿ ನೆಲದಿಂದ ಚಿಮ್ಮಿದ ಇನ್ನೊಂದು ಎಣ್ಣೆ.

ನೈಜರ್ ನದಿ ಕಡಲು ಸೇರುವ ಪ್ರದೇಶದ ಒಲೊಯಿಬಿರಿ ಎಂಬಲ್ಲಿ 1956ರಲ್ಲಿ ಕಚ್ಚಾ ತೈಲ ಸಿಕ್ಕಿತು. 1958ರಲ್ಲಿ ರಫ್ತು ಆರಂಭವಾಯಿತು. 1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಲ್ಲೇ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗ ನೈಜೀರಿಯಾದ ಬೊಕ್ಕಸಕ್ಕೆ ಡಾಲರುಗಳ ಹೊಳೆಯೇ ಹರಿಯಿತು. ಬಡ ದೇಶಕ್ಕೆ ಇದಕ್ಕಿಂತ ಭಾಗ್ಯ ಬೇಕೆ?

ಹಣದ ಅಮಲು ಎಷ್ಟಿತ್ತೆಂದರೆ, ಸರ್ಕಾರ ಒಮ್ಮೆಗೇ ಸುಮಾರು 2 ಕೋಟಿ ಟನ್ ಸಿಮೆಂಟ್ ತರಿಸಲು ಹೊರಟಿತು. ಅಷ್ಟನ್ನು ಇಳಿಸಿಕೊಳ್ಳುವ ಶಕ್ತಿ ಬಂದರಿಗಿರಲಿಲ್ಲ. 1975ರಲ್ಲಿ ನೂರಾರು ಹಡಗುಗಳು ಲಾಗೋಸ್ ಬಂದರಿನ ಹೊರಗೆ ಸರದಿಗಾಗಿ ಕಾದು ನಿಂತವು. ಕಾಯಿಸಿದ ತಪ್ಪಿಗೆ ಸರ್ಕಾರ ದಂಡ ತೆರಬೇಕಾಯಿತು.

ಕಣ್ಣಿಗೆ ಕಾಣುವ ಈ ದುಂದಿಗಿಂತ, ಕಾಣದಂತೆ ನಡೆದ ಹಾನಿ ದೊಡ್ಡದು. ಡಾಲರು ಹೇರಳವಾದಾಗ ಅದರ ಬೆಲೆ ಇಳಿದು ದೇಶದ ನಾಣ್ಯದ ಬೆಲೆ ಏರುತ್ತದೆ. 1980ರಲ್ಲಿ ಒಂದು ಡಾಲರಿಗೆ ಸಿಗುತ್ತಿದ್ದುದು ಸುಮಾರು ಅರ್ಧ ನೈರಾ ಮಾತ್ರ. ಕಡಲೆಕಾಯಿಯನ್ನೋ ಕೋಕೋವನ್ನೋ ಹೊರದೇಶಕ್ಕೆ ಮಾರಿದರೆ ಕೈಗೆ ಬರುವ ನೈರಾ ಅಷ್ಟಕ್ಕಷ್ಟೇ. ಇತ್ತ ತೈಲದ ಹಣ ಸಂಬಳಕ್ಕೂ ಕಟ್ಟಡಗಳಿಗೂ ಸುರಿದದ್ದರಿಂದ ಕೂಲಿ, ಬಾಡಿಗೆ, ದಿನಸಿ ಎಲ್ಲವೂ ತುಟ್ಟಿಯಾದವು. ಯುವಕರು ಹೊಲ ಬಿಟ್ಟು ಪಟ್ಟಣ ಸೇರಿದರು. ಒಂದು ಕಾಲಕ್ಕೆ ಜಗತ್ತಿಗೇ ತಾಳೆ ಎಣ್ಣೆ ಮಾರುತ್ತಿದ್ದ ದೇಶ ಅದನ್ನು ಹೊರಗಿನಿಂದ ಕೊಳ್ಳುವಂತಾಯಿತು. ಹೊಸದಾಗಿ ಎದ್ದ ಕಾರ್ಖಾನೆಗಳೂ ಹೊರಗಿನ ಬಿಡಿಭಾಗಗಳನ್ನೇ ನಂಬಿದ್ದವು. ಎಂಬತ್ತರ ದಶಕದಲ್ಲಿ ತೈಲದ ಬೆಲೆ ಕುಸಿದಾಗ ಡಾಲರಿಲ್ಲದೆ ಅನೇಕವು ಸ್ತಬ್ಧವಾದವು.

ಅರ್ಥಶಾಸ್ತ್ರಜ್ಞರು ಇದನ್ನು ‘ಡಚ್ ಕಾಯಿಲೆ’ ಎನ್ನುತ್ತಾರೆ. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಅಪಾರ ಅನಿಲ ಸಿಕ್ಕಿತು. ಆನಂತರ ಅಲ್ಲಿನ ಕೈಗಾರಿಕೆ ಸೊರಗಿದ್ದನ್ನು ಕಂಡು ಬ್ರಿಟನ್ನಿನ ‘ಎಕಾನಮಿಸ್ಟ್’ ವಾರಪತ್ರಿಕೆ 1977ರಲ್ಲಿ ಇಟ್ಟ ಹೆಸರದು. ಶ್ರೀಮಂತ ದೇಶ ಈ ಕಾಯಿಲೆಯಿಂದ ಚೇತರಿಸಿಕೊಂಡೀತು. ಕೈಗಾರಿಕೆ ಇನ್ನೂ ಕಣ್ಣು ಬಿಡುತ್ತಿರುವ ದೇಶಕ್ಕಾದರೋ ಅದು ಎಳೆಗೂಸಿಗೆ ಬಂದ ಜ್ವರ.

ಹಾಗಾದರೆ ನೆಲದಡಿಯ ಸಂಪತ್ತೇ ಶಾಪವೆ? ಅಲ್ಲವೆನ್ನಲು ಇಂಡೋನೇಷ್ಯಾ ಸಾಕ್ಷಿ. ಅದೇ ವರ್ಷಗಳಲ್ಲಿ ಅಲ್ಲಿಯೂ ತೈಲದ ಹಣ ಹರಿಯಿತು, ಭ್ರಷ್ಟಾಚಾರವೂ ಕಡಿಮೆಯಿರಲಿಲ್ಲ. ಆದರೆ ಹಣದ ಒಂದು ಪಾಲು ನೀರಾವರಿ, ಗೊಬ್ಬರ, ಹಳ್ಳಿಯ ಶಾಲೆಗಳಿಗೆ ಹೋಯಿತು. 1978ರಲ್ಲಿ ಸರ್ಕಾರ ತನ್ನ ನಾಣ್ಯದ ಬೆಲೆಯನ್ನು ತಾನೇ ಇಳಿಸಿ, ರೈತರ ಮತ್ತು ಕಾರ್ಖಾನೆಗಳ ಸರಕಿಗೆ ಹೊರಗೆ ಗಿರಾಕಿ ಉಳಿಯುವಂತೆ ನೋಡಿಕೊಂಡಿತು. ಅಕ್ಕಿಗಾಗಿ ಪರದೇಶಗಳ ಮುಖ ನೋಡುತ್ತಿದ್ದ ಇಂಡೋನೇಷ್ಯಾ 1984ರಲ್ಲಿ ಸ್ವಾವಲಂಬಿಯಾಯಿತು.

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ನಮ್ಮ ಗಾದೆ. ಕಾನೊದ ಕಥೆ ಅದಕ್ಕೊಂದು ಮಾತು ಸೇರಿಸುತ್ತದೆ. ಅಲ್ಲಿನ ರೈತ ಕೂತು ಉಂಡವನಲ್ಲ. ಹೊನ್ನಿನಲ್ಲಿ ಅವನಿಗೆ ಸಿಕ್ಕ ಪಾಲೂ ಅಲ್ಪ. ಆದರೂ ಕುಡಿಕೆ ಸಿಕ್ಕ ಮೇಲೆ ಬೆಲೆ ಇಳಿದದ್ದು ಅವನ ದುಡಿಮೆಗೇ.