ಬಿ.ಎಸ್ಸಿ. ಜೀವಶಾಸ್ತ್ರಕ್ಕೆ ದೊಡ್ಡದೋ, ಚಿಕ್ಕದೋ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಣೆಗೆ ಹೋಗಿದ್ದ ಪ್ರೌಢಶಾಲೆಗೆ ಪದವಿಪೂರ್ವ ವಿಭಾಗವೂ ಸೇರಿಕೊಂಡಿದೆ. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮುಗಿಸಿ ಹೊರಬಂದ ನಮ್ಮ ಪ್ರಶಿಕ್ಷಣಾರ್ಥಿಯನ್ನು ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ತಡೆದು ಕೇಳಿದಳು: “ಮಿಸ್, ನನಗೆ ಡಾಕ್ಟರ್ ಆಗೋದು ಬೇಡ, ಬಯಾಲಜಿಯನ್ನೇ ಓದಬೇಕು. ಬೆಂಗಳೂರಿನ ದೊಡ್ಡ ಕಾಲೇಜಿಗೆ ಹೋಗ್ಲಾ, ಇಲ್ಲೇ ತಾಲ್ಲೂಕಿನ ಡಿಗ್ರಿ ಕಾಲೇಜಿಗೆ ಸೇರ್ಲಾ?” “ದೊಡ್ಡದಕ್ಕೇ ಸೇರು, ಎಕ್ಸ್‌ಪೋಷರ್ ಸಿಗುತ್ತೆ” ಎಂದು ಅರ್ಧ ನಿಮಿಷದಲ್ಲಿ ಉತ್ತರ ಬಂತು. ಹಾಸ್ಟೆಲ್ ಖರ್ಚಿಗೆ ಹುಡುಗಿಯ ತಂದೆ ಸಾಲ ಮಾಡಬೇಕಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಒಂದು ಪಾಠಯೋಜನೆಗೆ ಮೂರು ದಿನ ಕೂರುವ ನಾವು ಇಂಥ ಪ್ರಶ್ನೆಗೆ ಸಿದ್ಧರಾಗುವುದೇ ಇಲ್ಲ.

ಮೊದಲು ‘ದೊಡ್ಡದು’ ಎಂಬ ಮಾತನ್ನೇ ಬಿಡಿಸಬೇಕು. ನಮ್ಮಲ್ಲಿ ಬಹುಪಾಲು ಪದವಿ ಕಾಲೇಜುಗಳು ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡವು. ಒಂದೇ ವಿಶ್ವವಿದ್ಯಾಲಯದಡಿ ಎರಡು ಸಾವಿರ ಮಕ್ಕಳ ಕಾಲೇಜಿಗೂ ಇನ್ನೂರು ಮಕ್ಕಳ ಕಾಲೇಜಿಗೂ ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಸ್ವಾಯತ್ತ ಕಾಲೇಜುಗಳು ಮಾತ್ರ ಇವನ್ನು ತಾವೇ ರೂಪಿಸಿಕೊಳ್ಳುತ್ತವೆ. ಇನ್ನು ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿತು. ಜೀವಶಾಸ್ತ್ರಕ್ಕೆ ಹೋಗುವವರೂ ಅಲ್ಲಿ ಮೊದಲು ಗಣಿತ, ಭೌತಶಾಸ್ತ್ರ ಓದಲೇಬೇಕು. ಹೆಸರು ದೊಡ್ಡದು, ಪದವಿ ತರಗತಿ ಚಿಕ್ಕದು. ಹೆಸರಿನ ಗಾತ್ರಕ್ಕೂ ತರಗತಿಯ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದಕ್ಕಷ್ಟೇ ಇದನ್ನು ಹೇಳಿದೆ. ನಮ್ಮ ಹುಡುಗಿ ಅಲ್ಲಿಗೆ ಬೇಕಾದ ರಾಷ್ಟ್ರಮಟ್ಟದ ಪರೀಕ್ಷೆ ಬರೆದಿರಲಿಲ್ಲ.

ಜೀವಶಾಸ್ತ್ರದಲ್ಲಿ ವ್ಯತ್ಯಾಸ ಬೀಳುವುದು ಪ್ರಯೋಗಾಲಯದಲ್ಲಿ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಬೇರಿನ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಉಪಯೋಗಕ್ಕೆ ಬರುತ್ತದೆ. ಆಮ್ಲದಲ್ಲಿ ಮೆದುಗೊಳಿಸಿ, ಬಣ್ಣ ಕೊಟ್ಟು, ಕವರ್‌ಸ್ಲಿಪ್ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಹೆಚ್ಚು ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕೂರುತ್ತವೆ. ನಾಲ್ಕೈದು ಸಲ ಕೆಡಿಸಿದ ಮೇಲೆಯೇ ಕೈಗೆ ಬರುವ ವಿದ್ಯೆ ಇದು. ನಾನು ಓದಿದ್ದು ಹೆಸರಾಂತ ದೊಡ್ಡ ಕಾಲೇಜಿನಲ್ಲಿ. ಅಟೆಂಡರ್ ಫೋಕಸ್ ಮಾಡಿಟ್ಟ ಸ್ಲೈಡಿಗೆ ಸಾಲಿನಲ್ಲಿ ನಿಂತು ಒಂದು ನಿಮಿಷ ಕಣ್ಣಿಟ್ಟು ಬರುತ್ತಿದ್ದೆವು. ಫಲ ಕಂಡದ್ದು ಬಿ.ಎಡ್. ಬೋಧನಾಭ್ಯಾಸದಲ್ಲಿ: ದಪ್ಪ ಕಪ್ಪು ಅಂಚಿನ ಗಾಳಿಗುಳ್ಳೆಯನ್ನು ಜೀವಕೋಶವೆಂದು ಇಡೀ ತರಗತಿಗೆ ತೋರಿಸಿದೆ. ತಿದ್ದಿದವಳು ಸಣ್ಣ ಊರಿನ ಕಾಲೇಜಿನಲ್ಲಿ ಓದಿದ್ದ ಸಹಪಾಠಿ. ಅವರ ಬ್ಯಾಚಿನಲ್ಲಿ ಇದ್ದವರೇ ಹನ್ನೊಂದು ಜನ.

ಹಾಗೆಂದು ಚಿಕ್ಕದೇ ಮೇಲೆಂದು ನಾನು ಹೇಳಲಾರೆ. ಅದೇ ಸಹಪಾಠಿ ಜೆಲ್ ಎಲೆಕ್ಟ್ರೋಫೊರೆಸಿಸ್ ಉಪಕರಣವನ್ನು ಚಿತ್ರದಲ್ಲಿ ಬಿಟ್ಟು ನೋಡಿರಲಿಲ್ಲ. ಸಣ್ಣ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇದ್ದು ಸೂಕ್ಷ್ಮಜೀವಶಾಸ್ತ್ರವೋ ತಳಿಶಾಸ್ತ್ರವೋ ಇಲ್ಲದಿರಬಹುದು. ಒಬ್ಬರೇ ಅಧ್ಯಾಪಕರಿದ್ದು ಅವರು ವರ್ಗವಾದರೆ ವಿಭಾಗವೇ ಬರಿದು. ಉಪಕರಣದ ಕೊರತೆಗೆ ಸ್ವಲ್ಪ ಪರಿಹಾರವುಂಟು: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಯಾವ ಊರಿನ ಕಾಲೇಜಿನವರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ. ಆದರೆ ಅರ್ಜಿಗೆ ಶಿಫಾರಸು ಪತ್ರ ಬೇಕು, ಅದಕ್ಕೆ ವಿದ್ಯಾರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡ ಅಧ್ಯಾಪಕರು ಬೇಕು. ಇನ್ನೂರು ಜನರ ತರಗತಿಯಲ್ಲಿ ಅದು ಸುಲಭವಲ್ಲ.

ಮರುದಿನ ಪ್ರಶಿಕ್ಷಣಾರ್ಥಿಯೂ ನಾನೂ ಆ ಹುಡುಗಿಯನ್ನು ಕೂರಿಸಿಕೊಂಡು ಒಂದು ಚೀಟಿ ಬರೆದೆವು. ಪ್ರಾಯೋಗಿಕ ಬ್ಯಾಚಿನಲ್ಲಿ ಎಷ್ಟು ಜನ, ಕೆಲಸ ಮಾಡುವ ಸೂಕ್ಷ್ಮದರ್ಶಕ ಎಷ್ಟು? ಕಾಯಂ ಅಧ್ಯಾಪಕರು ಎಷ್ಟು? ಕಳೆದ ವರ್ಷ ಕ್ಷೇತ್ರಭೇಟಿಗೆ ಎಲ್ಲಿಗೆ ಹೋಗಿದ್ದರು? ಅಂತಿಮ ವರ್ಷದವರು ಈಗೇನು ಮಾಡುತ್ತಿದ್ದಾರೆ? ಉತ್ತರವನ್ನು ಕಚೇರಿಯಲ್ಲಿ ಕೇಳಬೇಡ, ಅಲ್ಲಿ ಓದುತ್ತಿರುವವರನ್ನು ಕೇಳು ಎಂದೆವು.

ವಾರ ಬಿಟ್ಟು ಬಂದಳು. ತಾಲ್ಲೂಕಿನ ಕಾಲೇಜಿನಲ್ಲಿ ಆರು ಸೂಕ್ಷ್ಮದರ್ಶಕ, ಹದಿನಾಲ್ಕು ಜನ, ಪ್ರಾಣಿಶಾಸ್ತ್ರದ ಮೇಡಂ ಒಂದು ಗಂಟೆ ಮಾತಾಡಿಸಿದ್ದರು. ಆದರೆ ಅವರಿಗೆ ನಿವೃತ್ತಿ ಇನ್ನೊಂದೇ ವರ್ಷ. ಬೆಂಗಳೂರಿಗೆ ಮುಂದಿನ ಶನಿವಾರ ಹೋಗುವವಳಿದ್ದಳು. ಬಸ್ಸಿನ ಹೊತ್ತು ಕೇಳಿ ಚೀಟಿಯ ಹಿಂಬದಿಗೆ ಬರೆದುಕೊಟ್ಟವಳು ನಮ್ಮ ಪ್ರಶಿಕ್ಷಣಾರ್ಥಿಯೇ.